ಕೆಂಪು ಚಿಂದಿ ಕಟ್ಟಿದ ಪ್ಲಗ್ಗು

ನಮ್ಮ ಮನೆಯ ಮೇಜಿನ ಡ್ರಾಯರಿನಲ್ಲಿ ಒಂದು ತ್ರೀ ಪಿನ್ ಪ್ಲಗ್ಗು ಇದೆ. ಅದರ ವೈರನ್ನು ನಾನೇ ಕತ್ತರಿಸಿದ್ದು. ಕುತ್ತಿಗೆಗೆ ಮಾತ್ರ ಕೆಂಪು ರವಿಕೆ ಬಟ್ಟೆಯ ಚಿಂದಿಯೊಂದನ್ನು ಬಿಗಿಯಾಗಿ ಕಟ್ಟಿದೆ. ಡ್ರಾಯರು ಚೊಕ್ಕಟ ಮಾಡಲು ಕೂತಾಗಲೆಲ್ಲ ನಮ್ಮ ಮನೆಯವರು ಅದನ್ನು ಎತ್ತಿ ಹಿಡಿದು, "ಇದೆಂತದೇ, ದೃಷ್ಟಿಗೆ ಕಟ್ಟಿದ್ದಾ?" ಎಂದು ಕೇಳುತ್ತಾರೆ. ಉತ್ತರ ಅವರಿಗೆ ಗೊತ್ತಿದೆ. ಆದರೂ ಕೇಳುತ್ತಾರೆ, ನಾನೂ ಮೊದಲ ಸಲ ಹೇಳುವವಳ ಹಾಗೆ ಶುರುಮಾಡುತ್ತೇನೆ. ಈ ಸಲ ಅವರನ್ನು ಬಿಟ್ಟು ನಿಮಗೆ ಹೇಳುತ್ತಿದ್ದೇನೆ, ಅಷ್ಟೇ ವ್ಯತ್ಯಾಸ.

ನೀವು ಬಯಲುಸೀಮೆಯವರಾದರೆ ಗುಡುಗಿಗೂ ಪ್ಲಗ್ಗಿಗೂ ಇರುವ ಸಂಬಂಧವನ್ನು ಮೊದಲು ಹೇಳಬೇಕು. ನಮ್ಮ ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಕಡೆ ಯುಗಾದಿ ಕಳೆದ ಮೇಲೆ ಮುಂಗಾರು ಹಿಡಿಯುವವರೆಗೆ ಮಧ್ಯಾಹ್ನ ಮೂರಾಯಿತೆಂದರೆ ಗುಡುಗು ಶುರು. ದೂರದಲ್ಲೆಲ್ಲೋ ಒಂದು ಸಲ ಗುಡುಗುಟ್ಟಿದರೆ ಸಾಕು, ಪ್ರತಿ ಮನೆಯಲ್ಲೂ ಒಬ್ಬರು ಎದ್ದು ಓಡುತ್ತಾರೆ. ಮೊದಲು ಟಿವಿಯ ಡಿಶ್ ವೈರು, ಆಮೇಲೆ ಟಿವಿಯ ಪ್ಲಗ್ಗು, ಆಮೇಲೆ ಫೋನಿನ ವೈರು, ಕೊನೆಗೆ ಫ್ರಿಜ್ಜು. ಸ್ವಿಚ್ಚು ಆರಿಸಿದರೆ ಸಾಲದು, ಕೀಳಲೇಬೇಕು. ಎದುರಿಗೆ ಕೂತ ನೆಂಟರು ಮಾತಾಡುತ್ತಿದ್ದರೆ ಮಾತಾಡಿಕೊಳ್ಳಲಿ. ನನ್ನನ್ನು ನೋಡಲು ಶೃಂಗೇರಿಯಿಂದ ಗಂಡಿನ ಕಡೆಯವರು ಬಂದ ದಿನವೂ ಹೀಗೇ ಆಯಿತು. ಎಲ್ಲರ ಕೈಯಲ್ಲೂ ಉಪ್ಪಿಟ್ಟಿನ ತಟ್ಟೆ. ಗುಡುಗು ಬಂತು. ಅಪ್ಪ ಟಿವಿಯ ಕಡೆ ಓಡಿದರು. ಅವರ ಹಿಂದೆಯೇ ಗಂಡಿನ ಅಪ್ಪನೂ ತಟ್ಟೆ ಕೆಳಗಿಟ್ಟು ಎದ್ದು, ಪರರ ಮನೆ ಎಂಬುದನ್ನೂ ಮರೆತು, ನಮ್ಮ ಫೋನಿನ ವೈರು ಕಿತ್ತರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜಾತಕ ಆಮೇಲೆ ನೋಡಿದ್ದು, ಸಂಬಂಧ ಕುದುರಿದ್ದು ಅಲ್ಲೇ.

ಅಪ್ಪನಿಗೆ ಜಯಪುರದಲ್ಲಿ ರೇಡಿಯೋ ಟಿವಿ ರಿಪೇರಿಯ ಅಂಗಡಿ. ಸಿಡಿಲಿನ ಕಾಲ ಅವರಿಗೆ ಸುಗ್ಗಿ. ಸುಟ್ಟ ಟಿವಿಗಳು ಬಾಗಿಲಿನವರೆಗೂ ಸಾಲುಗಟ್ಟಿರುತ್ತಿದ್ದವು. ಸುಟ್ಟ ವಾರ್ನಿಷ್ಷಿನ ವಾಸನೆ ಬಂದರೆ ನನಗೆ ಈಗಲೂ ಬೇಸಿಗೆ ರಜೆಯ ನೆನಪಾಗುತ್ತದೆ. ಟಿವಿ ಹೊತ್ತು ತಂದವರು ಎಲ್ಲರೂ ಹೇಳುವುದು ಒಂದೇ: "ನಾವೆಂತದೂ ಮುಟ್ಲಿಲ್ಲ, ಅದೇ ಕೆಟ್ಟೋಯ್ತು." ಅಪ್ಪ ಕೇಳುವುದೂ ಒಂದೇ: "ಆಯ್ತು ಮಾರಾಯ, ಕಡೇಗೆ ಮುಟ್ಟಿದ್ದು ಯಾವ್ದು, ಅದು ಹೇಳು." ಮುತ್ತಿನಕೊಪ್ಪದ ಒಬ್ಬರು ಅರ್ಧ ಗಂಟೆ ಆಣೆ ಪ್ರಮಾಣ ಮಾಡಿ, ಬಸ್ಸಿಗೆ ಹೊತ್ತಾದಾಗ ಬಾಗಿಲಲ್ಲಿ ನಿಂತು, "ಆಂಟೆನಾ ವೈರು ಸಾಲ್ಲಿಲ್ಲ ಅಂತ ಬಟ್ಟೆ ಒಣಗ್ಸೋ ತಂತಿಗೆ ಸಿಕ್ಸಿದ್ದೆ, ಅದೇನೂ ಅಲ್ಲ ಅಲ್ದ?" ಎಂದಿದ್ದರು. ಕೆಟ್ಟದ್ದನ್ನು ಹುಡುಕಬೇಕಾದರೆ ಕಡೆಗೆ ಮುಟ್ಟಿದ್ದನ್ನು ಹುಡುಕು. ಅಪ್ಪನ ವಿದ್ಯೆಯೆಲ್ಲ ಅಷ್ಟರಲ್ಲಿತ್ತು.

ಅಡ್ಡಗದ್ದೆಯ ಅಜ್ಜಿಯದು ಬೇರೆ ವಿದ್ಯೆ. ಗುಡುಗು ಬಂದರೆ ಅರ್ಜುನನ ಹತ್ತು ಹೆಸರು ಹೇಳಬೇಕು, ಆಗ ಸಿಡಿಲು ಮನೆಯ ಕಡೆ ಸುಳಿಯುವುದಿಲ್ಲ. ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ ಎಂದು ನಾನು ಜೋರಾಗಿ ಶುರುಮಾಡುತ್ತಿದ್ದೆ. ಆದರೆ ಹತ್ತು ಹೆಸರು ಮುಗಿದಾಗ ನನ್ನ ಬೆರಳುಗಳಲ್ಲಿ ಯಾವಾಗಲೂ ಒಂಬತ್ತೇ ಮಡಚಿರುತ್ತಿದ್ದವು. ಬಿಟ್ಟುಹೋದದ್ದು ಯಾವುದೆಂದು ಹುಡುಕುವಷ್ಟರಲ್ಲಿ ಮತ್ತೊಂದು ಗುಡುಗು. "ಈ ಕೂಸಿನ ತಲೇಲಿ ಎಲ್ಲ ಇದೆ, ಒಂದು ಬಿಟ್ಟು" ಎಂದು ಅಜ್ಜಿ ನಗುತ್ತಿದ್ದರು. ಅವರು ಹೇಳಿದ್ದು ಎಷ್ಟು ಸರಿ ಎಂದು ತಿಳಿಯಲು ನಾನು ಕೊಪ್ಪದಲ್ಲಿ ಕೆಲಸಕ್ಕೆ ಸೇರಬೇಕಾಯಿತು.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಕೊಪ್ಪದ ಒಂದು ಖಾಸಗಿ ಕಾಲೇಜಿನಲ್ಲಿ ನಾನು ಕಂಪ್ಯೂಟರ್ ಲ್ಯಾಬಿನ ಇನ್‌ಸ್ಟ್ರಕ್ಟರು. ಲ್ಯಾಬಿನಲ್ಲಿ ಇಪ್ಪತ್ತು ಕಂಪ್ಯೂಟರು, ಮೂಲೆಯಲ್ಲಿ ಒಂದು ಸರ್ವರು. ಸರ್ವರೆಂದರೆ ಬೇರೇನೂ ಅಲ್ಲ, ಎಲ್ಲರ ಕಡತಗಳನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಕೇಳಿದವರಿಗೆ ಕೊಡುವ ಒಂದು ದೊಡ್ಡ ಡಬ್ಬ. ಅದರಲ್ಲಿದ್ದದ್ದು ಲಿನಕ್ಸು. ಅದು ಇಡೀ ಕಾಲೇಜಿನಲ್ಲಿ ನನಗೊಬ್ಬಳಿಗೇ ಗೊತ್ತು ಎಂದು ಎಲ್ಲರೂ ತಿಳಿದಿದ್ದರು. ನಾನೂ ಹಾಗೇ ತಿಳಿದಿದ್ದೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಹರಿಸುತ್ತ ಕೂತರೆ ಬಾಗಿಲಲ್ಲಿ ಹಾಯ್ದುಹೋಗುವ ಉಪನ್ಯಾಸಕರು ಒಂದು ಕ್ಷಣ ನಿಂತು ನೋಡುತ್ತಿದ್ದರು. ಅವರು ನಿಂತರೆಂದು ಗೊತ್ತಾದರೆ ನಾನು ಅಗತ್ಯವಿಲ್ಲದ ಆಜ್ಞೆಗಳನ್ನೂ ಕೊಡುತ್ತಿದ್ದೆ.

ಲ್ಯಾಬಿನ ಇನ್ನೊಬ್ಬ ಒಡತಿ ಶೇಷಮ್ಮ. ದಿನಗೂಲಿಯ ಅಟೆಂಡರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಗುಡಿಸಿ ಒರೆಸುವುದು, ಬಾಗಿಲು ತೆಗೆದು ಹಾಕುವುದು ಅವರ ಕೆಲಸ. ಓದು ಬರಹ ಬರುತ್ತಿರಲಿಲ್ಲ. ಹುಟ್ಟೂರು ಮುತ್ತಿನಕೊಪ್ಪದ ಹತ್ತಿರ. ಚಿಕ್ಕಂದಿನಲ್ಲಿ ಜೊತೆಗೆ ದನ ಹೊಡೆದುಕೊಂಡು ಬರುತ್ತಿದ್ದ ತಂಗಿಗೆ ಗದ್ದೆಯ ಬಯಲಿನಲ್ಲಿ ಸಿಡಿಲು ಬಡಿಯಿತು. ಇದನ್ನು ಅವರು ಒಂದೇ ಸಲ, ನೆಲ ಒರೆಸುತ್ತಲೇ ಹೇಳಿದ್ದರು. ಹಾಗಾಗಿ ಗುಡುಗು ಬಂದರೆ ಶೇಷಮ್ಮ ಪ್ಲಗ್ಗು ಕೀಳುವುದು ಬೇರೆಯವರು ಕಿತ್ತಂತೆ ಅಲ್ಲ. ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಕೀಳುತ್ತಿದ್ದರು. ಇಪ್ಪತ್ತು ಕಂಪ್ಯೂಟರಿಗೆ ಮೂರು ನಿಮಿಷ ಸಾಕಿತ್ತು. "ಸರ್ವರಿಂದು ಮಾತ್ರ ಮುಟ್ಬೇಡಿ ಶೇಷಮ್ಮ, ಅದನ್ನು ನಾನೇ ನೋಡಿಕೊಳ್ತೇನೆ" ಎಂದು ನಾನು ಹೇಳಿಟ್ಟಿದ್ದೆ. ಆ ಜೂನಿನಲ್ಲಿ ಖಾಯಂ ಆಗುವವರ ಪಟ್ಟಿಯಲ್ಲಿ ಅವರ ಹೆಸರಿತ್ತು. ಹನ್ನೊಂದು ವರ್ಷ ಕಾದಿದ್ದರು. ದಿನಕ್ಕೊಮ್ಮೆಯಾದರೂ, "ಜೂನು ಯಾವಾಗ ಬರ್ತದೆ ಮೇಡಂ?" ಎನ್ನುತ್ತಿದ್ದರು.

ಆ ವರ್ಷ ಹುಡುಗರೆಲ್ಲ ಪೆನ್ ಡ್ರೈವ್ ತರಲು ಶುರುಮಾಡಿದ್ದರು. ನಮ್ಮ ಹಳೆಯ ಲಿನಕ್ಸಿಗೆ ಅದರ ಗುರುತೇ ಹತ್ತುತ್ತಿರಲಿಲ್ಲ. ಪರೀಕ್ಷೆ ಮುಗಿದ ಮೇಲೆ ಹೊಸ ಆವೃತ್ತಿಗೆ ಏರಿಸುವುದೆಂದು ನಿಶ್ಚಯಿಸಿದೆ. ಪತ್ರಿಕೆಯೊಂದರ ಜೊತೆ ಬಂದ ಮೂರು ಸಿ.ಡಿ. ಇದ್ದವು. ಹೇಗೆ ಏರಿಸಬೇಕೆಂಬುದನ್ನು ಸೈಬರ್ ಕೆಫೆಯಲ್ಲಿ ಕೂತು ಓದಿ, ನೋಟ್ ಪುಸ್ತಕದಲ್ಲಿ ಹತ್ತು ಹೆಜ್ಜೆಗಳಾಗಿ ಬರೆದುಕೊಂಡೆ. ಒಂದೊಂದು ಮುಗಿದಂತೆ ಪಕ್ಕದಲ್ಲಿ ಟಿಕ್ ಹಾಕುವುದು. ಮೊದಲನೆಯದು ಜಾಗ ಸಾಲದ್ದರಿಂದ ಹಳೆಯ ಲಾಗುಗಳನ್ನು ಅಳಿಸುವುದು. ಲಾಗು ಎಂದರೆ ಯಾರು ಯಾವಾಗ ಒಳಗೆ ಬಂದರು, ಯಂತ್ರ ಯಾವಾಗ ನಿಂತಿತು ಎಂದು ಯಂತ್ರವೇ ಬರೆದಿಟ್ಟುಕೊಳ್ಳುವ ದಿನಚರಿ. ಹೀಗೆ ಏಳನೆಯದರವರೆಗೆ ಬಂದಾಗ ಮಧ್ಯಾಹ್ನವಾಗಿತ್ತು. ಶುಕ್ರವಾರ. ಶೇಷಮ್ಮ ನನಗೆಂದು ಹಲಸಿನಕಾಯಿ ಪಲ್ಯ ತಂದಿದ್ದರು. ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ನಾನು ಕುರ್ಚಿ ಬಿಟ್ಟೆ. ಚೆನ್ನಾಗಿ ಊಟ ಮಾಡಿ, ಮತ್ತೆ ಲಾಗಿನ್ ಆಗಿ, ಒಂಬತ್ತು ಮತ್ತು ಹತ್ತನ್ನು ಮುಗಿಸಿದೆ. ಪರದೆಯ ಮೇಲೆ ಒಂದೂ ತಕರಾರು ಕಾಣಲಿಲ್ಲ. ಗೆದ್ದೆ ಎಂದುಕೊಂಡು, ಅದನ್ನು ನಾಲ್ಕು ಜನಕ್ಕೆ ಹೇಳಲು ಸ್ಟಾಫ್ ರೂಮಿಗೆ ಹೋದೆ.

ಅಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಗುಡುಗು ಶುರುವಾಯಿತು. ಅದು ದೂರದ ಗುಡುಗಲ್ಲ, ನೆತ್ತಿಯ ಮೇಲಿನದು. ಓಡಿ ಬಂದೆ. ಲ್ಯಾಬು ನಿಶ್ಶಬ್ದವಾಗಿತ್ತು. ಇಪ್ಪತ್ತೂ ಪ್ಲಗ್ಗುಗಳು ನೆಲದ ಮೇಲೆ, ಇಪ್ಪತ್ತೊಂದನೆಯದೂ. ಶೇಷಮ್ಮ ಬಾಗಿಲ ಹತ್ತಿರ ನಿಂತಿದ್ದರು.

"ನೀವಿರ್ಲಿಲ್ಲ ಮೇಡಂ. ಕೂಗ್ದೆ. ಮಿಂಚು ಒಳಗೇ ಬಂದಂಗಾಯ್ತು, ಅದನ್ನೂ ಕಿತ್ತೆ."

"ಕಿತ್ತರೂ ಯುಪಿಎಸ್ ಬ್ಯಾಟರಿ ಇತ್ತಲ್ಲ, ಸರ್ವರು ಓಡ್ಬೇಕಿತ್ತಲ್ಲ?"

"ಅದು ಕುಂಯ್ ಕುಂಯ್ ಅಂತ ಅಳುಕ್ಕೆ ಶುರು ಮಾಡ್ತು. ಪಾಪ ಅನ್ಸಿ ಅದರ ಸ್ವಿಚ್ಚನ್ನೂ ಆರಿಸ್ದೆ."

ಮಳೆ ನಿಂತ ಮೇಲೆ ಸರ್ವರನ್ನು ಹಚ್ಚಿದೆ. ಪರದೆಯ ಮೇಲೆ ಎಲ್ ಎಂಬ ಅಕ್ಷರ ಬಂತು, ಅದರ ಪಕ್ಕ ಐ ಬಂತು, ಅಲ್ಲಿಗೆ ನಿಂತಿತು. ಬರಬೇಕಾದದ್ದು ಲಿಲೋ ಎಂಬ ಇಂಗ್ಲಿಷಿನ ನಾಲ್ಕಕ್ಷರ. ಲಿನಕ್ಸನ್ನು ಎಬ್ಬಿಸುವ ಪುಟ್ಟ ತಂತ್ರಾಂಶದ ಹೆಸರದು. ಎರಡೇ ಅಕ್ಷರಕ್ಕೆ ಅದರ ಉಸಿರು ಕಟ್ಟಿತ್ತು. ಹತ್ತು ಸಲ ಹಚ್ಚಿದರೂ ಅಷ್ಟೇ. ಅಷ್ಟು ಹೊತ್ತಿಗೆ ಪ್ರಿನ್ಸಿಪಾಲರೂ ಬಂದರು. ಮಕ್ಕಳ ಇಂಟರ್ನಲ್ ಅಂಕಗಳೆಲ್ಲ ಅದರೊಳಗಿದ್ದವು, ಸೋಮವಾರ ಕಳಿಸಬೇಕಿತ್ತು. ಅವರ ಸ್ವಂತ ತಲೆಬಿಸಿಯೂ ಇತ್ತು: ಅದೇ ಸಿಡಿಲಿಗೆ ಆಫೀಸಿನ ಫೋನು, ಫ್ಯಾಕ್ಸು ಸುಟ್ಟುಹೋಗಿದ್ದವು.

"ಯಾರು ಮಾಡಿದ್ದು ಇದು?" ಎಂದರು.

ಶೇಷಮ್ಮ, "ನಾನೇ ಸಾರ್, ಪ್ಲಗ್ಗು ಕಿತ್ತೆ" ಎಂದರು.

ಪ್ರಿನ್ಸಿಪಾಲರು ನನ್ನ ಕಡೆ ತಿರುಗಿ, "ಅದಕ್ಕೇ ಹೀಗಾಯ್ತಾ?" ಎಂದು ಕೇಳಿದರು. ನಾನು ಹೌದೆಂದು ತಲೆಯಾಡಿಸಿದೆ. ಆಗ ನಾನು ನಿಜವಾಗಿಯೂ ಹಾಗೇ ನಂಬಿದ್ದೆ ಎಂಬುದೊಂದೇ ನನ್ನ ಪರವಾಗಿ ಹೇಳಬಹುದಾದ ಮಾತು. "ನಾಳೆಯಿಂದ ನೀವು ಬರೋದು ಬೇಡ" ಎಂದು ಅವರು ಶೇಷಮ್ಮನಿಗೆ ಹೇಳಿದರು. ಶೇಷಮ್ಮ ಸೊಂಟದಿಂದ ಬೀಗದ ಕೈಗೊಂಚಲು ತೆಗೆದು ನನ್ನ ಮೇಜಿನ ಮೇಲಿಟ್ಟು, ಪಲ್ಯದ ಖಾಲಿ ಡಬ್ಬಿ ತೆಗೆದುಕೊಂಡು ಹೋದರು. ಅದನ್ನು ನಾನು ತೊಳೆದೂ ಇಟ್ಟಿರಲಿಲ್ಲ.

ಶನಿವಾರವಿಡೀ ತಿಣುಕಿದೆ. ಸಿ.ಡಿ.ಯಿಂದ ಯಂತ್ರ ಎಬ್ಬಿಸಿ ಡಿಸ್ಕಿನೊಳಗೆ ಇಣುಕಿದರೆ ಅಂಕಗಳು, ಹುಡುಗರ ಪ್ರಾಜೆಕ್ಟುಗಳು, ಎಲ್ಲವೂ ಇಟ್ಟಲ್ಲೇ ಇದ್ದವು. ಪ್ಲಗ್ಗು ಕಿತ್ತದ್ದರಿಂದ ಅಲ್ಲಲ್ಲಿ ಸಣ್ಣ ಗೀರು ಬಿದ್ದಿತ್ತು, ಅದನ್ನು ಯಂತ್ರ ತಾನೇ ಸರಿಮಾಡಿಕೊಂಡಿತ್ತು. ಆದರೂ ತನ್ನ ಕಾಲ ಮೇಲೆ ಏಳಲು ಹೇಳಿದರೆ ಮತ್ತೆ ಎರಡೇ ಅಕ್ಷರ. ಭಾನುವಾರ ಬೆಳಿಗ್ಗೆ ಅಪ್ಪನಿಗೆ ಫೋನು ಮಾಡಿದೆ. ಸಿಟ್ಟಿನಲ್ಲಿ ಬಾಯಿಂದ ಏಕವಚನವೇ ಬಂತು.

"ಶೇಷಮ್ಮ ಪ್ಲಗ್ಗು ಕಿತ್ತು ಹಾಳು ಮಾಡಿದ್ಲು ಅಪ್ಪ."

"ಅವ್ಳು ಕಿತ್ತಿದ್ದಿರ್ಲಿ ಮಾರಾಯ್ತಿ. ಅದಕ್ಕಿಂತ ಮೊದ್ಲು ನೀನು ಎಂತ ಮುಟ್ಟಿದ್ದೆ?"

"ನಾನೆಂತದೂ..." ಎಂದವಳು ಅಲ್ಲಿಗೇ ನಿಲ್ಲಿಸಿದೆ. ಬಟ್ಟೆ ತಂತಿಗೆ ಆಂಟೆನಾ ಸಿಕ್ಕಿಸಿದ ಮುತ್ತಿನಕೊಪ್ಪದವರ ಧ್ವನಿಯೇ ನನ್ನ ಬಾಯಿಂದ ಬರುತ್ತಿತ್ತು. ಲ್ಯಾಬಿಗೆ ಹೋಗಿ ನೋಟ್ ಪುಸ್ತಕ ತೆಗೆದೆ. ಏಳರ ಪಕ್ಕ ಟಿಕ್. ಒಂಬತ್ತರ ಪಕ್ಕ ಟಿಕ್. ಹತ್ತರ ಪಕ್ಕ ಎರಡು ಟಿಕ್, ಸಂತೋಷಕ್ಕೆ. ಎಂಟರ ಪಕ್ಕ ಏನೂ ಇಲ್ಲ. ಅಲ್ಲಿ ಒಂದು ಎಣ್ಣೆಯ ಕಲೆ ಇತ್ತು, ಪಲ್ಯದ್ದು.

ಎಂಟನೆಯ ಹೆಜ್ಜೆ ಒಂದೇ ಪದದ ಆಜ್ಞೆ. ಹೊಸ ಆವೃತ್ತಿ ಹಾಕಿದಾಗ ಯಂತ್ರವನ್ನು ಎಬ್ಬಿಸುವ ಕಡತಗಳ ಜಾಗ ಬದಲಾಗುತ್ತದೆ. ಹೊಸ ಜಾಗ ಇಂಥದ್ದು ಎಂದು ಲಿಲೋಗೆ ಒಮ್ಮೆ ತಿಳಿಸಬೇಕು. ಮನೆ ಬದಲಿಸಿದ ಮೇಲೆ ಪೋಸ್ಟ್‌ಮ್ಯಾನಿಗೆ ಹೇಳಿದ ಹಾಗೆ, ಅಷ್ಟೇ. ನಾನು ಹೇಳಿರಲಿಲ್ಲ. ಶೇಷಮ್ಮ ಪ್ಲಗ್ಗು ಕೀಳದೆ ಇದ್ದಿದ್ದರೂ, ನಾನೇ ಕೈಯಾರೆ ಶಾಸ್ತ್ರೋಕ್ತವಾಗಿ ಆರಿಸಿ ಹಚ್ಚಿದ್ದರೂ, ಅದು ಅದೇ ಎರಡಕ್ಷರಕ್ಕೆ ನಿಲ್ಲುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ನೆಲ ಒರೆಸುವವರ ಮೇಲೇ ಹೇಳಿದ್ದೆ.

ಆ ಒಂದು ಪದ ಟೈಪು ಮಾಡಿದೆ. ಮತ್ತೆ ಹಚ್ಚಿದೆ. ನಾಲ್ಕೂ ಅಕ್ಷರ ಬಂದವು, ಸರ್ವರು ಎದ್ದು ಕೂತಿತು. ನನಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ, ಒಂದು ನಿಮಿಷ. ಆಮೇಲೆ ನೋಟ್ ಪುಸ್ತಕ ಮುಚ್ಚಿದೆ. ಇದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವ ದಾರಿಯೂ ಇರಲಿಲ್ಲ. "ಸರಿಮಾಡಿದೆ ಸರ್" ಎಂದಷ್ಟೇ ಹೇಳಿದರೆ ಶೇಷಮ್ಮ ಕೆಡಿಸಿದ್ದನ್ನು ಎರಡು ದಿನ ಕೂತು ಸರಿಮಾಡಿದ ಜಾಣೆ ಎಂದು ಹೆಸರು ಬರುತ್ತಿತ್ತು. ಆ ಹೆಸರು ನನಗೆ ಬೇಕಿತ್ತು ಎಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಸೋಮವಾರ ಪ್ರಿನ್ಸಿಪಾಲರ ಕೋಣೆಗೆ ಹೋದೆ. ಮಧ್ಯದ ದಾರಿಯೊಂದನ್ನು ಯೋಚಿಸಿಕೊಂಡಿದ್ದೆ: ಸತ್ಯವನ್ನೇ ಹೇಳುವುದು, ಆದರೆ ಇಂಗ್ಲಿಷಿನಲ್ಲಿ. "ಸರ್, ಬೂಟ್ ಲೋಡರಿನ ಮ್ಯಾಪ್ ಅಪ್‌ಡೇಟ್ ಆಗಿರಲಿಲ್ಲ. ಸೆಕೆಂಡ್ ಸ್ಟೇಜ್ ಲೋಡ್ ಆಗದೆ ಹ್ಯಾಂಗ್ ಆಗಿತ್ತು" ಎಂದೆ. ಆಗಿರಲಿಲ್ಲ, ಆಗದೆ, ಆಗಿತ್ತು. ಇಡೀ ಮಾತಿನಲ್ಲಿ ನಾನು ಎಲ್ಲೂ ಇರಲಿಲ್ಲ.

"ಓಹೋ, ಟೆಕ್ನಿಕಲ್ ಪ್ರಾಬ್ಲಮ್ಮಾ?" ಎಂದು ಅವರು ಸಮಾಧಾನಗೊಂಡರು. "ಹಾಗಾದ್ರೆ ಶೇಷಮ್ಮನಿಗೆ ಬರಕ್ಕೆ ಹೇಳಿ. ಆದ್ರೂ ಪ್ಲಗ್ ಕಿತ್ತಿದ್ದು ಕಿತ್ತಿದ್ದೇ ಅಲ್ವಾ? ಜೂನ್ ಪಟ್ಟಿಯಿಂದ ಹೆಸರು ತೆಗೆದುಬಿಡೋಣ. ಮುಂದಿನ ವರ್ಷ ನೋಡಿದ್ರಾಯ್ತು."

ಅವರು ಪೆನ್ನು ತೆಗೆದುಕೊಂಡರು. ಅವರ ಮೇಜಿನ ಮೇಲೆ ಸುಟ್ಟ ಫೋನು ಹಾಗೇ ಇತ್ತು. ನಾನೂ ಆಗ ಖಾಯಂ ಅಲ್ಲ, ನಿಮಗೆ ಹೇಳಿದೆನೋ ಇಲ್ಲವೋ.

"ತಪ್ಪು ನಂದು ಸರ್" ಎಂದೆ. "ಹತ್ತು ಕೆಲಸದಲ್ಲಿ ನಾನು ಒಂದು ಮರೆತೆ. ಅದರಿಂದ ಸರ್ವರು ಏಳಲಿಲ್ಲ. ಶೇಷಮ್ಮ ಕಿತ್ತಿದ್ದರಿಂದ ಅಲ್ಲ. ಅವರು ಕಿತ್ತಿದ್ದರಿಂದ ಲ್ಯಾಬು ಉಳಿದಿದ್ದು. ಇಲ್ಲಿ ಯಾರೂ ಕೀಳಲಿಲ್ಲ, ನಿಮ್ಮ ಫೋನು ನೋಡಿ."

ಅವರು ಫೋನು ನೋಡಿದರು. ಆಮೇಲೆ ಪೆನ್ನಿನ ಮುಚ್ಚಳ ಹಾಕಿ, "ಇದನ್ನ ಬರೆದು ಕೊಡ್ತೀರಾ?" ಎಂದರು. ಕೊಟ್ಟೆ, ಅಚ್ಚ ಕನ್ನಡದಲ್ಲಿ. ನನ್ನ ಫೈಲಿನಲ್ಲಿ ಆ ಕಾಗದ ಬಹಳ ವರ್ಷ ಇತ್ತು, ನಾನು ಖಾಯಂ ಆಗಲು ಮೂರು ವರ್ಷ ಹೆಚ್ಚಿಗೆ ಹಿಡಿದದ್ದು ಅದರಿಂದಲೇ ಎಂದು ನನ್ನ ಗುಮಾನಿ.

ಸಂಜೆ ಬೀಗದ ಕೈಗೊಂಚಲು ಹಿಡಿದು ಶೇಷಮ್ಮನ ಮನೆ ಹುಡುಕಿಕೊಂಡು ಹೋದೆ. ಬಸ್ ಸ್ಟ್ಯಾಂಡಿನ ಹಿಂದಿನ ಇಳಿಜಾರಿನಲ್ಲಿ ಎರಡು ಕೋಣೆಯ ಮನೆ. ಅವರು ಅಂಗಳದಲ್ಲಿ ಹಪ್ಪಳ ಎತ್ತುತ್ತಿದ್ದರು. ಎಲ್ಲ ಹೇಳಿದೆ, ಪಲ್ಯದ ಕಲೆಯನ್ನೂ ಬಿಡದೆ.

"ಹಂಗಾರೆ ಮಿಷಿನ್ನಿಗೆ ನನ್ನಿಂದ ಎಂತ ಆಗಿಲ್ಲ?" ಎಂದರು.

"ಇಲ್ಲ."

"ಮೂರು ದಿನ ಊಟ ಸೇರ್ಲಿಲ್ಲ ಮೇಡಂ" ಎಂದು ಶೇಷಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಇನ್ನೆರಡು ಹಪ್ಪಳ ಎತ್ತಿ, "ಆದ್ರೆ ಒಂದು ಹೇಳ್ತೆ. ಗುಡುಗು ಬಂದ್ರೆ ನಾನು ಇನ್ನೂ ಕೀಳುದೇ. ನನ್ ಕೈಲಿ ಸುಮ್ನೆ ಕೂರಕ್ಕಾಗಲ್ಲ" ಎಂದರು.

ಅದಕ್ಕೆ ನನ್ನಲ್ಲಿ ಮೊದಲ ಸಲ ಉತ್ತರವಿತ್ತು. ಶೇಷಮ್ಮನನ್ನು ಬದಲಿಸುವುದಕ್ಕಿಂತ ಸರ್ವರನ್ನು ಬದಲಿಸುವುದು ಸುಲಭ. ಕಂಟ್ರೋಲ್, ಆಲ್ಟ್, ಡಿಲೀಟ್ ಎಂಬ ಮೂರು ಕೀಗಳನ್ನು ಒಟ್ಟಿಗೆ ಒತ್ತಿದರೆ ಲಿನಕ್ಸು ಅಚ್ಚುಕಟ್ಟಾಗಿ ಆರಿ ಮತ್ತೆ ಹತ್ತಿಕೊಳ್ಳುತ್ತದೆ. ಒಂದು ಕಡತದಲ್ಲಿ ಒಂದೇ ಸಾಲು ತಿದ್ದಿ, ಒತ್ತಿದರೆ ಪೂರ್ತಿ ಆರುವಂತೆ ಮಾಡಿದೆ. ಶೇಷಮ್ಮ ತಮ್ಮ ಸ್ಟಿಕ್ಕರ್ ಬೊಟ್ಟಿನ ಚೀಟಿಯಿಂದ ಮೂರು ಕೆಂಪು ಬೊಟ್ಟು ಬಿಡಿಸಿ ಆ ಮೂರು ಕೀಗಳಿಗೆ ಅಂಟಿಸಿದರು. ಸರ್ವರಿನ ಪ್ಲಗ್ಗಿಗೆ ತಮ್ಮ ಹಳೆಯ ರವಿಕೆಯ ಚಿಂದಿ ಕಟ್ಟಿದರು. ಗುಡುಗು ಬಂದರೆ ಮೊದಲು ಮೂರು ಬೊಟ್ಟು ಒತ್ತುವುದು, ಆಮೇಲೆ ಇಪ್ಪತ್ತು ಪ್ಲಗ್ಗು ಕೀಳುವುದು, ಡಬ್ಬದ ಸದ್ದು ಪೂರ್ತಿ ನಿಂತ ಮೇಲೆ ಕೆಂಪು ಚಿಂದಿಯದ್ದು. ಕರೆಂಟು ಹೋಗಿ ಯುಪಿಎಸ್ ಅತ್ತರೂ ಅದೇ ಕ್ರಮ. ನಾನು ಇದ್ದಾಗಲೂ ಆ ಕೆಲಸಕ್ಕೆ ಕೈಹಾಕುತ್ತಿರಲಿಲ್ಲ. ಮೂರು ಹೆಜ್ಜೆಯಲ್ಲಿ ಒಂದನ್ನಾದರೂ ಮರೆಯುವವಳು ನಾನೇ.

ಜೂನಿನಲ್ಲಿ ಶೇಷಮ್ಮ ಖಾಯಂ ಆದರು.

ಆ ದಶಕ ಮುಗಿಯುವ ಹೊತ್ತಿಗೆ ಸರ್ವರಿಗೂ ವಯಸ್ಸಾಯಿತು, ಹೊಸದು ಬಂತು. ಹಳೆಯದನ್ನು ಕೊನೆಯ ಸಲ ಆರಿಸುವ ಮೊದಲು ಅದರ ಲಾಗು ತೆಗೆದು ನೋಡಿದೆ. ಹಳೆಯದನ್ನು ಎಸೆಯಲು ಬಾರದ ಬುದ್ಧಿ ನನ್ನದು, ಅಪ್‌ಗ್ರೇಡಾದ ದಿನದಿಂದ ಒಂದು ಸಾಲನ್ನೂ ಅಳಿಸಿರಲಿಲ್ಲ. ಹೊಸದರಿಂದ ಹಳೆಯದಕ್ಕೆ ಇಳಿಯುತ್ತಾ ಹೋಗುವ ಪಟ್ಟಿ. ಮೇ, ಮೂರೂ ಕಾಲು, ಶಟ್‌ಡೌನ್. ಏಪ್ರಿಲ್, ಮೂರೂವರೆ, ಶಟ್‌ಡೌನ್. ಏಪ್ರಿಲ್, ನಾಲ್ಕು ಗಂಟೆ, ಶಟ್‌ಡೌನ್. ವರ್ಷವಾದ ಮೇಲೆ ವರ್ಷ, ಕೊಪ್ಪದ ಮೇಲೆ ಗುಡುಗಿದ ಒಂದೊಂದು ಮಧ್ಯಾಹ್ನವೂ ತಾರೀಖು ಗಂಟೆ ಸಮೇತ ಅಲ್ಲಿತ್ತು.

ಶೇಷಮ್ಮ ಪಕ್ಕದಲ್ಲಿ ನಿಂತಿದ್ದರು. "ಅದ್ರಲ್ಲಿ ಎಂತ ಬರ್ದಿದೆ ಮೇಡಂ?"

"ಇದೆಲ್ಲ ನೀವು ಬರೆದಿದ್ದು."

"ನಾನಾ? ನಂಗೆಲ್ಲಿ ಬರೀಕ್ಕೆ ಬರ್ತದೆ?"

ಓದಿ ಹೇಳಿದೆ. ಯಾವ ವರ್ಷ ಎಷ್ಟು ಗುಡುಗು ಎಂದು ಅವರು ಬಾಯಿಗೆ ಸೆರಗು ಹಿಡಿದು ಕೇಳಿದರು. ಪಟ್ಟಿ ಇಳಿಯುತ್ತಾ ಇಳಿಯುತ್ತಾ ತಳಕ್ಕೆ ಬಂದು ನಿಂತಿತು. ಕೊನೆಯ ಸಾಲಿನಲ್ಲಿ ಮಾತ್ರ ಶಟ್‌ಡೌನ್ ಇರಲಿಲ್ಲ, ಕ್ರ್ಯಾಶ್, ಅಂದರೆ ಆರಿಸದೆಯೇ ನಿಂತದ್ದು, ಎಂದಿತ್ತು. ಆ ಶುಕ್ರವಾರ. ಪ್ಲಗ್ಗು ಕಿತ್ತವರು ಯಾರೆಂದು ಯಂತ್ರಕ್ಕೇನು ಗೊತ್ತು? ಆಗ ಲಾಗಿನ್ ಆಗಿದ್ದವಳು ನಾನು. ಆ ಸಾಲಿನ ಮೊದಲಿಗೆ ನನ್ನ ಹೆಸರೇ ಇತ್ತು.

"ಅದೊಂದು ಬೇರೆ ತರ ಕಾಣ್ತದಲ್ಲ ಮೇಡಂ, ಅದೆಂತ?"

"ಅದು ನಂದು, ಶೇಷಮ್ಮ."

ಅವರು ಪರದೆಯ ಹತ್ತಿರ ಬಗ್ಗಿ, ಓದಲು ಬಾರದ ಆ ಸಾಲನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಒಂದೇ ಅಲ್ದ? ಬಿಡಿ" ಎಂದರು. ಆಮೇಲೆ ಮೂರು ಬೊಟ್ಟುಗಳ ಮೇಲೆ ಬೆರಳಿಟ್ಟು ಒತ್ತಿ, ಡಬ್ಬದ ಸದ್ದು ಪೂರ್ತಿ ನಿಲ್ಲುವವರೆಗೆ ಕಾದು, ಎರಡೂ ಕೈಯಲ್ಲಿ ಕೆಂಪು ಚಿಂದಿಯ ಪ್ಲಗ್ಗು ಕಿತ್ತು ನನ್ನ ಕೈಗೆ ಕೊಟ್ಟರು.